ಫೋಮ್ ಡಬ್ಬಿಯ ಒಳಗೆ ಏನಿದೆ? ಸಂದು ಮುಚ್ಚೋ ಮೊದಲು ತಿಳಿದಿರಬೇಕಾದ ವಿಜ್ಞಾನ

ಇವತ್ತಿನ ವಿಷಯ ಒಂದು ಡಬ್ಬಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕೋನ್ ಟ್ಯೂಬ್‌ಗಳ ಪಕ್ಕದಲ್ಲಿ ಇದನ್ನ ಸಾಲಾಗಿ ಜೋಡಿಸಿಟ್ಟಿರ್ತಾರೆ. ನೋಡೋಕೆ ಡಿಯೋಡರೆಂಟ್ ಡಬ್ಬಿಯ ಅಣ್ಣನ ಥರ ಇರುತ್ತೆ, ಮೇಲೊಂದು ಪ್ಲಾಸ್ಟಿಕ್ ಕೊಳವೆ. ಒತ್ತಿದ್ರೆ ನೊರೆ ಬರುತ್ತೆ, ನೊರೆ ಉಬ್ಬುತ್ತೆ, ಸ್ವಲ್ಪ ಹೊತ್ತಿಗೆ ಗಟ್ಟಿಯಾಗುತ್ತೆ. ಬೆಂಗಳೂರಲ್ಲಿ ಯುಪಿವಿಸಿ ಕಿಟಕಿ ಕೂರಿಸೋರು ಇದನ್ನ ಪಿಯು ಫೋಮ್ ಅಂತಾರೆ. ಆಸ್ಟ್ರೇಲಿಯಾದಲ್ಲಿ ಎಕ್ಸ್‌ಪ್ಯಾಂಡಿಂಗ್ ಫೋಮ್ ಅಂತ ಕೇಳಿದ್ರೆ ಕೊಡ್ತಾರೆ.

ಊರಲ್ಲಿ ಇಂಥ ಕೆಲಸಕ್ಕೆ ಗಾರೆಯವರನ್ನೋ ಪ್ಲಂಬರನ್ನೋ ಕರೀತೀವಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್‌ನಲ್ಲಿ ಒಬ್ಬರನ್ನ ಮನೆಗೆ ಕರೆಸೋ ಖರ್ಚು ನೋಡಿದ್ರೆ, ಶನಿವಾರ ಬನಿಂಗ್ಸ್‌ಗೆ ಹೋಗಿ ಡಬ್ಬಿ ತಂದು ನಾವೇ ಮಾಡಿಬಿಡೋಣ ಅನ್ಸುತ್ತೆ. ಎಸಿ ಪೈಪ್ ಗೋಡೆ ದಾಟೋ ತೂತು, ಸಿಂಕ್ ಕೆಳಗೆ ಜಿರಲೆ ಬರೋ ಸಂದು, ಕಿಟಕಿ ಚೌಕಟ್ಟಿನ ಪಕ್ಕ ಗಾಳಿ ನುಗ್ಗೋ ಜಾಗ. ಇದಕ್ಕೆಲ್ಲ ಫೋಮ್ ಒಳ್ಳೆಯ ಸಾಧನವೇ. ಆದ್ರೆ ಈ ಡಬ್ಬಿಯಲ್ಲಿ ಮೂರು ವಿಷಯ ಒಟ್ಟಿಗೆ ಇವೆ: ಬೇಗ ಹೊತ್ತಿಕೊಳ್ಳೋ ಗ್ಯಾಸ್, ಶ್ವಾಸಕೋಶಕ್ಕೆ ಆಗದ ಒಂದು ರಾಸಾಯನಿಕ, ಮತ್ತು ಒತ್ತಡ. ಈ ಮೂರನ್ನ ಅರ್ಥ ಮಾಡ್ಕೊಂಡ್ರೆ ಲೇಬಲ್ ಮೇಲಿರೋ ಎಚ್ಚರಿಕೆಗಳು ಯಾಕಿವೆ ಅಂತ ತಾನಾಗೇ ತಿಳಿಯುತ್ತೆ.

ಇಡ್ಲಿ ಹಿಟ್ಟು ಮತ್ತು ಫೋಮ್

ಮೊದಲು ಫೋಮ್ ಯಾಕೆ ಉಬ್ಬುತ್ತೆ ನೋಡೋಣ. ಇಡ್ಲಿ ಹಿಟ್ಟು ರಾತ್ರಿ ಉಬ್ಬೋದು ಯಾಕೆ? ಹಿಟ್ಟಿನಲ್ಲಿರೋ ಸೂಕ್ಷ್ಮಜೀವಿಗಳು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ, ಉದ್ದಿನ ಬೇಳೆಯ ಅಂಟು ಆ ಗುಳ್ಳೆಗಳನ್ನ ಹಿಡಿದಿಟ್ಟುಕೊಳ್ಳುತ್ತೆ. ಆಮೇಲೆ ಹಬೆಯಲ್ಲಿ ಬೇಯಿಸಿದಾಗ ಆ ಗುಳ್ಳೆಗಳ ಆಕಾರ ಹಾಗೇ ನಿಂತುಬಿಡುತ್ತೆ. ಫೋಮ್‌ನಲ್ಲೂ ಹೆಚ್ಚುಕಡಿಮೆ ಇದೇ ನಡೆಯೋದು. ಗುಳ್ಳೆ ಎಬ್ಬಿಸೋದು, ಗುಳ್ಳೆ ಹಿಡಿಯೋದು, ಗಟ್ಟಿಯಾಗೋದು. ಇಲ್ಲಿ ಜೀವಿಗಳ ಬದಲು ರಸಾಯನ ಕ್ರಿಯೆ ಇದೆ, ಹಬೆಯ ಬದಲು ಗಾಳಿಯಲ್ಲಿರೋ ತೇವಾಂಶ ಇದೆ.

ಡಬ್ಬಿಯೊಳಗೆ ಇರೋದು ಪಾಲಿಯುರೆಥೇನ್ ಆಗೋಕೆ ಅರ್ಧ ದಾರಿ ಬಂದು ನಿಂತಿರೋ ಅಂಟು ದ್ರವ. ಇದರ ಅಣುಗಳ ತುದಿಯಲ್ಲಿ ಐಸೋಸಯನೇಟ್ ಅನ್ನೋ ಗುಂಪುಗಳಿರುತ್ತವೆ. ಐಸೋಸಯನೇಟ್‌ಗೆ ನೀರು ಕಂಡ್ರೆ ತಾಳ್ಮೆ ಇಲ್ಲ. ನೀರಿನ ಜೊತೆ ಸೇರಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಅಮೈನ್ ಆಗುತ್ತೆ. ಆ ಅಮೈನ್ ಪಕ್ಕದ ಇನ್ನೊಂದು ಐಸೋಸಯನೇಟ್ ಹಿಡಿದುಕೊಳ್ಳುತ್ತೆ. ಹೀಗೆ ಸರಪಳಿಗೆ ಸರಪಳಿ ಕೂಡಿ ಬಲೆ ಹೆಣೆಯುತ್ತೆ, ಬಲೆ ಗಟ್ಟಿಯಾಗುತ್ತೆ. ಲೆಕ್ಕ ಹಾಕಿ ನೋಡಿ: 18 ಗ್ರಾಂ ನೀರು, ಅಂದ್ರೆ ಸುಮಾರು ಒಂದು ದೊಡ್ಡ ಚಮಚ, ಪೂರ್ತಿ ಹೀಗೆ ಕ್ರಿಯೆಗೆ ಒಳಗಾದ್ರೆ ಹೊರಬರೋ ಕಾರ್ಬನ್ ಡೈಆಕ್ಸೈಡ್ ಸುಮಾರು 24 ಲೀಟರ್. ಗಾಳಿಯಲ್ಲಿರೋ ಸ್ವಲ್ಪ ತೇವವೇ ಇಷ್ಟೆಲ್ಲ ಉಬ್ಬಿಸೋಕೆ ಸಾಕಾಗೋದು ಅದಕ್ಕೇ.

ಈ ರಸಾಯನ ಶಾಸ್ತ್ರ ಹೊಸದಲ್ಲ. ಜರ್ಮನಿಯ ಲೆವರ್ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಅವರ ಜೊತೆಗಾರರು 1937ರಲ್ಲಿ ಪಾಲಿಯುರೆಥೇನ್ ಮಾಡೋ ದಾರಿ ಕಂಡುಹಿಡಿದರು. ಶುರುವಿನಲ್ಲಿ ಗುಳ್ಳೆ ಬಂದ ತುಂಡುಗಳನ್ನ ನೋಡಿ, ಇದು ನಕಲಿ ಸ್ವಿಸ್ ಚೀಸ್ ಅಂತ ತಮಾಷೆ ಮಾಡ್ತಿದ್ರಂತೆ. ಆ ತೂತುಗಳೇ ಇವತ್ತು ನಮ್ಮ ಹಾಸಿಗೆ, ಸೋಫಾ, ಫ್ರಿಜ್‌ನ ಗೋಡೆ ಎಲ್ಲದರಲ್ಲೂ ಇರೋ ಫೋಮ್.

ಎಲ್‌ಪಿಜಿಯ ಸೋದರಸಂಬಂಧಿ

ಈಗ ಎರಡನೇ ವಿಷಯ. ಆ ಅಂಟು ದ್ರವವನ್ನ ಡಬ್ಬಿಯಿಂದ ಹೊರಗೆ ತಳ್ಳೋಕೆ ಏನಾದ್ರೂ ಬೇಕಲ್ಲ? ಹಿಂದೆ ಅದಕ್ಕೆ ಸಿಎಫ್‌ಸಿ ಅನಿಲ ಬಳಸ್ತಿದ್ರು. ಅವು ಬೆಂಕಿ ಹಿಡಿಯೋಲ್ಲ, ಆದ್ರೆ ಓಝೋನ್ ಪದರಕ್ಕೆ ತೂತು ಮಾಡ್ತವೆ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವು ಹಂತ ಹಂತವಾಗಿ ಹೋದವು. ಈಗ ಬಹುತೇಕ ಡಬ್ಬಿಗಳಲ್ಲಿ ಇರೋದು ಪ್ರೊಪೇನ್, ಐಸೋಬ್ಯೂಟೇನ್, ಡೈಮೀಥೈಲ್ ಈಥರ್. ಓಝೋನ್‌ಗೆ ತೊಂದರೆ ಇಲ್ಲ, ಆದ್ರೆ ಚೆನ್ನಾಗಿ ಹೊತ್ತಿಕೊಳ್ಳುತ್ತವೆ. ಪ್ರೊಪೇನ್, ಬ್ಯೂಟೇನ್ ಅಂದ್ರೆ ಬೇರೇನಲ್ಲ, ನಮ್ಮ ಅಡುಗೆಮನೆಯ ಸಿಲಿಂಡರ್‌ನಲ್ಲಿರೋ ಎಲ್‌ಪಿಜಿಯೇ.

ಒಂದು ದೊಡ್ಡ ವ್ಯತ್ಯಾಸ ಇದೆ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗ್ಲಿ ಅಂತ ಮರ್ಕ್ಯಾಪ್ಟಾನ್ ಅನ್ನೋ ಗಬ್ಬು ವಾಸನೆಯ ವಸ್ತು ಸೇರಿಸ್ತಾರೆ. ಸ್ಪ್ರೇ ಡಬ್ಬಿಗಳಿಗೆ ಹಾಕೋ ಗ್ಯಾಸ್‌ಗೆ ಆ ವಾಸನೆ ಸೇರಿಸೋಲ್ಲ. ಹಾಗಾಗಿ ಸಿಲಿಂಡರ್ ಸೋರಿದ್ರೆ ಮೂಗು ಹೇಳುತ್ತೆ, ಫೋಮ್ ಡಬ್ಬಿಯ ಗ್ಯಾಸ್ ಕೋಣೆಯಲ್ಲಿ ತುಂಬಿಕೊಂಡ್ರೆ ಮೂಗನ್ನ ನಂಬೋಕಾಗಲ್ಲ.

ಎಷ್ಟು ಗ್ಯಾಸ್ ಅಪಾಯ? ಸಿಂಕ್ ಕೆಳಗಿನ ಕಪಾಟು 300 ಲೀಟರ್ ಇದೆ ಅಂತಿಟ್ಟುಕೊಳ್ಳಿ. ಗಾಳಿಯಲ್ಲಿ ಈ ಗ್ಯಾಸ್ ಶೇಕಡಾ 2ರ ಆಸುಪಾಸು ಸೇರಿದ್ರೂ ಕಿಡಿಗೆ ಹೊತ್ತಿಕೊಳ್ಳಬಹುದು. 300 ಲೀಟರ್‌ನಲ್ಲಿ ಶೇಕಡಾ 2 ಅಂದ್ರೆ 6 ಲೀಟರ್. 58 ಗ್ರಾಂ ಬ್ಯೂಟೇನ್ ಆವಿಯಾದ್ರೆ ಸುಮಾರು 24 ಲೀಟರ್ ಗ್ಯಾಸ್ ಆಗುತ್ತೆ. ಅಂದ್ರೆ 6 ಲೀಟರ್‌ಗೆ ಬೇಕಾದದ್ದು 15 ಗ್ರಾಂ ಮಾತ್ರ. ಮುಚ್ಚಿದ ಕಪಾಟಿನೊಳಗೆ ಡಬ್ಬಿಯ ಒಂದಷ್ಟು ಭಾಗ ಸುರಿದ್ರೂ ಈ ಮಟ್ಟ ತಲುಪಬಹುದು.

ಜೊತೆಗೆ, ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಮೇಲೆ ಹೋಗಲ್ಲ, ನೆಲದ ಮೇಲೆ ಹರಡುತ್ತೆ. ನಮ್ಮ ಮನೆಗಳಲ್ಲಿ ನೆಲಕ್ಕೆ ಹತ್ತಿರ ಏನಿರುತ್ತೆ? ದೇವರ ಮುಂದಿನ ದೀಪ, ಊದುಬತ್ತಿ. ಅಡುಗೆಮನೆಯಲ್ಲಿ ಒಗ್ಗರಣೆಗೆ ಹಚ್ಚಿದ ಒಲೆ. ಲಾಂಡ್ರಿಯಲ್ಲೋ ಗ್ಯಾರೇಜಿನಲ್ಲೋ ಪೈಲಟ್ ಜ್ವಾಲೆ ಇರೋ ಹಳೇ ಗ್ಯಾಸ್ ಗೀಸರ್. ಫ್ರಿಜ್ ಆನ್ ಆಫ್ ಆಗುವಾಗ ಬರೋ ಸಣ್ಣ ಕಿಡಿ ಕೂಡ ಸಾಕು. ಹಾಗಾಗಿ ಫೋಮ್ ಹಾಕೋ ದಿನ ಬೆಳಿಗ್ಗೆ ಪೂಜೆ ಮುಗಿಸಿ, ದೀಪ ಶಾಂತವಾದ ಮೇಲೆ ಕೆಲಸ ಶುರು ಮಾಡಿ. ಒಲೆ, ಹೀಟರ್, ಪೈಲಟ್ ಆರಿಸಿ. ಕಿಟಕಿ ಬಾಗಿಲು ತೆಗೆಯಿರಿ. ಮುಗಿದ ಮೇಲೂ ಒಂದೆರಡು ಗಂಟೆ ಗಾಳಿ ಆಡ್ಲಿ.

ಶ್ವಾಸಕೋಶದ ಮಾತು

ಮೂರನೇದು ಐಸೋಸಯನೇಟ್. ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರೋದನ್ನ ಎಂಡಿಐ ಅಂತ ಕರೀತಾರೆ. ಚರ್ಮ, ಕಣ್ಣು, ಗಂಟಲು ಉರಿಯೋದು ಒಂದು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕೆಲವರ ದೇಹ ಇದನ್ನ ಒಮ್ಮೆ ಶತ್ರು ಅಂತ ಗುರುತು ಹಿಡಿದುಬಿಟ್ರೆ, ಮುಂದೆ ತೀರಾ ಸ್ವಲ್ಪ ಸೋಕಿದ್ರೂ ಅಸ್ತಮಾ ಥರದ ಉಸಿರಾಟದ ತೊಂದರೆ ಬರಬಹುದು. ಹಾಗಾಗಿ ಅಸ್ತಮಾ ಇರೋರು ಈ ಕೆಲಸಕ್ಕೆ ಕೈ ಹಾಕಬಾರದು. ಮಕ್ಕಳು ಆ ಕೋಣೆಯಲ್ಲಿ ಇರಬಾರದು.

ಯುರೋಪಿಯನ್ ಒಕ್ಕೂಟ ಇದನ್ನ ಎಷ್ಟು ಗಂಭೀರವಾಗಿ ತಗೊಂಡಿದೆ ಅಂದ್ರೆ, 2010ರ ಡಿಸೆಂಬರ್‌ನಿಂದ ಅಲ್ಲಿ ಸಾಮಾನ್ಯ ಜನರಿಗೆ ಎಂಡಿಐ ಇರೋ ಇಂಥ ಉತ್ಪನ್ನ ಮಾರುವಾಗ ಪ್ಯಾಕಿನಲ್ಲೇ ಕೈಗವಸು ಇಡಬೇಕು. 2023ರ ಆಗಸ್ಟ್‌ನಿಂದ ವೃತ್ತಿಯಾಗಿ ಬಳಸೋರು ತರಬೇತಿ ಪಡೆದಿರಬೇಕು. ನಾವು ಬೇರೆ ದೇಶದಲ್ಲಿದ್ರೂ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಹಳೇ ಅಂಗಿ ಇಷ್ಟಂತೂ ಬೇಕೇಬೇಕು. ಸಾಮಾನ್ಯ ಬಟ್ಟೆಯ ಮಾಸ್ಕ್ ಈ ಆವಿಯನ್ನ ತಡೆಯೋಲ್ಲ. ತೆರೆದ ಕಿಟಕಿಯೇ ಇಲ್ಲಿ ಮುಖ್ಯ ರಕ್ಷಣೆ. ಒಮ್ಮೆ ಪೂರ್ತಿ ಗಟ್ಟಿಯಾದ ಮೇಲೆ ಐಸೋಸಯನೇಟ್ ಬಲೆಯೊಳಗೆ ಸೇರಿಹೋಗಿರುತ್ತೆ, ಆಗ ಈ ಭಯ ಇಲ್ಲ.

ಹಸಿ ಫೋಮ್ ಕೈಗೆ ಅಂಟಿದ್ರೆ ನಲ್ಲಿ ಕಡೆ ಓಡಬೇಡಿ. ಯಾಕೆ ಅಂತ ನಿಮಗೆ ಈಗ ಗೊತ್ತು: ಅದನ್ನ ಗಟ್ಟಿ ಮಾಡೋದೇ ನೀರು. ಮೊದಲು ಒಣ ಬಟ್ಟೆಯಲ್ಲಿ ಒರೆಸಿ, ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು. ಉಳಿದದ್ದು ಕೆಲವು ದಿನದಲ್ಲಿ ಚರ್ಮದ ಜೊತೆ ತಾನೇ ಸವೆದುಹೋಗುತ್ತೆ. ಕಣ್ಣಿನ ಮಾತು ಬೇರೆ. ಕಣ್ಣಿಗೆ ಬಿದ್ರೆ ಹರಿಯೋ ನೀರಿನಲ್ಲಿ ತೊಳೀತಾನೇ ಇರಿ, ಡಾಕ್ಟರ್ ಹತ್ತಿರ ಹೋಗಿ. ಆಸ್ಟ್ರೇಲಿಯಾದ ಯಾವ ಊರಲ್ಲಿದ್ರೂ ವಿಷ ಮಾಹಿತಿ ಕೇಂದ್ರದ ನಂಬರ್ 13 11 26. ಉಸಿರಾಟಕ್ಕೆ ಕಷ್ಟ ಆದ್ರೆ 000.

ಬಳಸೋ ರೀತಿ

ಈಗ ಕೆಲಸಕ್ಕೆ ಬರೋಣ. ಮೊದಲು ಸಂದಿನ ಧೂಳು ಗುಡಿಸಿ. ಆಮೇಲೆ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ನೀರು ಚಿಮುಕಿಸಿ. ತೊಟ್ಟಿಕ್ಕೋ ಹಾಗಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟು. ಅಡಿಲೇಡ್‌ನ ಬೇಸಿಗೆಯಲ್ಲಿ ಇದು ತುಂಬಾ ಮುಖ್ಯ, ಅಲ್ಲಿ ಗಾಳಿ ಅಷ್ಟು ಒಣಗಿರುತ್ತೆ. ತೇವ ಸಿಗದಿದ್ರೆ ಮೇಲೆ ಚರ್ಮ ಕಟ್ಟಿ ಒಳಗೆ ಅಂಟಂಟಾಗೇ ಉಳಿಯುತ್ತೆ. ಬ್ರಿಸ್ಬೇನ್‌ನ ಜನವರಿಯ ತೇವದ ಗಾಳಿಯಲ್ಲಿ ಅದೇ ಫೋಮ್ ಬೇಗ ಗಟ್ಟಿಯಾಗುತ್ತೆ.

ಡಬ್ಬಿಯನ್ನ ಅರ್ಧದಿಂದ ಒಂದು ನಿಮಿಷ ಚೆನ್ನಾಗಿ ಕುಲುಕಿ. ಒಳಗಿನ ದ್ರವವೂ ಗ್ಯಾಸೂ ಬೆರೀಬೇಕು. ಆಮೇಲೆ ಡಬ್ಬಿಯನ್ನ ತಲೆಕೆಳಗು ಮಾಡಿ ಒತ್ತಿ. ಇದಕ್ಕೂ ಕಾರಣ ಇದೆ. ಇದರೊಳಗೆ ತಳದವರೆಗೆ ಹೋಗೋ ಕೊಳವೆ ಇಲ್ಲ. ತಲೆಕೆಳಗು ಮಾಡಿದಾಗ ದ್ರವ ಬಾಯಿ ಹತ್ತಿರ ಬರುತ್ತೆ, ಗ್ಯಾಸ್ ಹಿಂದಿನಿಂದ ತಳ್ಳುತ್ತೆ. ನೆಟ್ಟಗೆ ಹಿಡಿದು ಒತ್ತಿದ್ರೆ ಗ್ಯಾಸ್ ಮಾತ್ರ ಹೋಗಿಬಿಡುತ್ತೆ. ಆಮೇಲೆ ಡಬ್ಬಿ ಭಾರ ಇರುತ್ತೆ, ಫೋಮ್ ಬರಲ್ಲ, ಕೋಣೆ ತುಂಬಾ ಗ್ಯಾಸ್.

ಎಷ್ಟು ತುಂಬಬೇಕು? ಇಡ್ಲಿ ತಟ್ಟೆಯ ಗುಳಿಗೆ ಅಂಚಿನವರೆಗೆ ಹಿಟ್ಟು ಹಾಕ್ತೀರಾ? ಇಲ್ಲ. ಇಲ್ಲೂ ಅಷ್ಟೇ, ಸಂದಿನ ಅರ್ಧ ಅಥವಾ ಅದಕ್ಕೂ ಕಡಿಮೆ. ಉಳಿದದ್ದನ್ನ ಅದೇ ತುಂಬಿಕೊಳ್ಳುತ್ತೆ. ಕಿಟಕಿ ಬಾಗಿಲ ಚೌಕಟ್ಟಿನ ಸುತ್ತ ಜಾಸ್ತಿ ಹಾಕಿದ್ರೆ ಉಬ್ಬೋ ಒತ್ತಡಕ್ಕೆ ಚೌಕಟ್ಟು ಬಾಗಿ, ಬಾಗಿಲು ಹಾಕೋಕೇ ಬರದ ಹಾಗೆ ಆಗಬಹುದು. ಅಂಥ ಜಾಗಕ್ಕೆ ಕಡಿಮೆ ಉಬ್ಬೋ ಫೋಮ್ ಅಂತಲೇ ಬೇರೆ ಸಿಗುತ್ತೆ. ಆಳವಾದ ತೂತಾದ್ರೆ ಒಂದು ಪದರ ಹಾಕಿ, ಗಟ್ಟಿಯಾದ ಮೇಲೆ ಇನ್ನೊಂದು.

ಹೆಚ್ಚಾಗಿ ಹೊರಬಂದದ್ದನ್ನ ಹಸಿಯಿದ್ದಾಗ ಒರೆಸೋಕೆ ಹೋಗಬೇಡಿ, ಎಲ್ಲ ಕಡೆ ಮೆತ್ತಿಕೊಳ್ಳುತ್ತೆ. ಗಂಟೆಗಳ ನಂತರ ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಕತ್ತರಿಸಿ. ಪೂರ್ತಿ ಗಟ್ಟಿಯಾಗೋಕೆ ಒಂದು ದಿನ ಬೇಕು. ಹಸಿ ಫೋಮ್ ಅಸಿಟೋನ್‌ಗೆ ಕರಗುತ್ತೆ, ಆದ್ರೆ ಅಸಿಟೋನ್ ಕೂಡ ಬೆಂಕಿ ಹಿಡಿಯುತ್ತೆ ಅನ್ನೋದು ನೆನಪಿರಲಿ. ಗಟ್ಟಿಯಾದದ್ದು ಯಾವುದಕ್ಕೂ ಕರಗಲ್ಲ, ಕೆರೆದೇ ತೆಗೀಬೇಕು. ಬಾಡಿಗೆ ಮನೆಯವರು ಇದೊಂದು ಕಾರಣಕ್ಕಾದ್ರೂ ಮೊದಲು ಏಜೆಂಟ್ ಹತ್ತಿರ ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ಹೊರಗಡೆ ಹಾಕಿದ ಫೋಮ್‌ಗೆ ಬಣ್ಣ ಬಳಿಯಿರಿ ಅಥವಾ ಮೇಲೆ ಸೀಲೆಂಟ್ ಹಚ್ಚಿ. ಬಿಸಿಲಿನ ಅತಿನೇರಳೆ ಕಿರಣ ಪಾಲಿಯುರೆಥೇನ್‌ನ ಬಂಧಗಳನ್ನ ಮುರಿಯುತ್ತೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಹಪ್ಪಳದ ಹಾಗೆ ಪುಡಿಯಾಗುತ್ತೆ.

ಬೇಸಿಗೆ ಮತ್ತು ಡಬ್ಬಿ

ಈಗ ಸಂಗ್ರಹದ ವಿಷಯ. ಡಬ್ಬಿಯ ಮೇಲೆ 50 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅಂತ ಬರೆದಿರುತ್ತೆ. ನಮ್ಮೂರಲ್ಲಿ 50 ಎಲ್ಲಿ ಬರುತ್ತೆ ಅಂತೀರಾ? ಪರ್ತ್‌ನಲ್ಲಿ 1991ರ ಫೆಬ್ರವರಿ 23ರಂದು ನೆರಳಿನಲ್ಲೇ 46.2 ಡಿಗ್ರಿ ಇತ್ತು. ಅಡಿಲೇಡ್‌ನಲ್ಲಿ 2019ರ ಜನವರಿ 24ರಂದು 46.6. ಇದು ನೆರಳಿನ ಲೆಕ್ಕ. ಹಿತ್ತಲಿನ ತಗಡಿನ ಶೆಡ್ ಒಳಗೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ದಾಟೋಕೆ ದಾಖಲೆಯ ಬಿಸಿಲೇನೂ ಬೇಕಾಗಿಲ್ಲ. ಸಾಮಾನ್ಯ ಬೇಸಿಗೆಯ ಮಧ್ಯಾಹ್ನ ಸಾಕು.

ಆಗ ಡಬ್ಬಿಯೊಳಗೆ ಏನಾಗುತ್ತೆ? ದ್ರವರೂಪದ ಗ್ಯಾಸ್ ಬಿಸಿಯಾದ ಹಾಗೆ ಅದರ ಆವಿಯ ಒತ್ತಡ ಏರುತ್ತೆ. ಶುದ್ಧ ಪ್ರೊಪೇನ್ ತಗೊಂಡ್ರೆ, 20 ಡಿಗ್ರಿಯಲ್ಲಿ ಅದರ ಒತ್ತಡ ಹೊರಗಿನ ಗಾಳಿಯ ಸುಮಾರು 8 ಪಟ್ಟು, 50 ಡಿಗ್ರಿಯಲ್ಲಿ ಸುಮಾರು 17 ಪಟ್ಟು. ಡಬ್ಬಿಯಲ್ಲಿ ಇರೋದು ಮಿಶ್ರಣ, ಹಾಗಾಗಿ ಒತ್ತಡ ಇದಕ್ಕಿಂತ ಕಡಿಮೆ. ಆದ್ರೆ ಏರೋ ರೀತಿ ಇದೇ. ಡಬ್ಬಿ ಬಿರಿದ್ರೆ ಗ್ಯಾಸೂ ಅಂಟೂ ಒಟ್ಟಿಗೆ ಹಾರುತ್ತೆ, ಪಕ್ಕದಲ್ಲಿ ಕಿಡಿ ಇದ್ರೆ ಬೆಂಕಿಯೂ ಸೇರುತ್ತೆ.

ಹಾಗಾದ್ರೆ ಎಲ್ಲಿ ಇಡೋದು? ಮನೆಯೊಳಗೆ ತಂಪಾದ, ಒಣ ಜಾಗ, ಮಕ್ಕಳ ಕೈಗೆ ಸಿಗದ ಕಪಾಟು. ಗೀಸರ್, ಒಲೆ, ಡ್ರೈಯರ್ ಪಕ್ಕ ಬೇಡ. ಒದ್ದೆ ಕಾಂಕ್ರೀಟ್ ನೆಲದ ಮೇಲೂ ಬೇಡ. ಫ್ರೀಮ್ಯಾಂಟಲ್, ಸ್ಕಾರ್ಬರೊ ಕಡೆ ಸಮುದ್ರದ ಹತ್ತಿರ ಇರೋರಿಗೆ ಉಪ್ಪು ಗಾಳಿ ತಗಡನ್ನ ಹೇಗೆ ತಿನ್ನುತ್ತೆ ಅಂತ ಗೊತ್ತೇ ಇದೆ. ಯಾವಾಗಲೂ ನೆಟ್ಟಗೆ ನಿಲ್ಲಿಸಿ. ಬಳಸುವಾಗ ತಲೆಕೆಳಗು, ಇಡುವಾಗ ನೆಟ್ಟಗೆ. ಮಲಗಿಸಿಟ್ಟರೆ ಅಂಟು ದ್ರವ ವಾಲ್ವ್ ಹತ್ತಿರ ಬಂದು ಕೂರುತ್ತೆ, ಸ್ವಲ್ಪ ತೇವ ಸೋಕಿದ್ರೂ ಅಲ್ಲೇ ಕಲ್ಲಾಗುತ್ತೆ. ಇದೇ ಕಾರಣಕ್ಕೆ ಫೋಮ್ ಡಬ್ಬಿಗೆ ಆಯಸ್ಸು ಕಡಿಮೆ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ. ತಳದಲ್ಲಿ ಮುದ್ರಿಸಿರೋ ದಿನಾಂಕ ನೋಡಿಯೇ ಕೊಳ್ಳಿ. ರಿಯಾಯಿತಿ ಇದೆ ಅಂತ ನಾಲ್ಕು ಡಬ್ಬಿ ತಂದಿಡೋ ಸಾಮಾನಲ್ಲ ಇದು.

ಅರ್ಧ ಬಳಸಿದ ಡಬ್ಬಿ? ಕೊಳವೆ ಇರೋ ಸಾಮಾನ್ಯ ಡಬ್ಬಿಯನ್ನ ಒಂದೇ ಸಲಕ್ಕೆ ಮುಗಿಸೋ ಹಾಗೆ, ಮೂರ್ನಾಲ್ಕು ಸಂದುಗಳನ್ನ ಮೊದಲೇ ಗುರುತು ಮಾಡಿಟ್ಟುಕೊಳ್ಳೋದು ಒಳ್ಳೇದು. ಗನ್‌ಗೆ ಹಾಕೋ ಡಬ್ಬಿಯಾದ್ರೆ ಗನ್‌ನಿಂದ ಬಿಚ್ಚದೆ, ತಿರುಪು ಬಿಗಿ ಮಾಡಿ, ನೆಟ್ಟಗೆ ಇಟ್ಟರೆ ಕೆಲವು ವಾರ ಬರುತ್ತೆ. ವಾಲ್ವ್ ಕಟ್ಟಿಕೊಂಡಿದೆ ಅಂತ ಮೊಳೆ ಚುಚ್ಚೋದು, ಸುತ್ತಿಗೆ ಹೊಡೆಯೋದು, ಒಲೆ ಹತ್ತಿರ ಬಿಸಿ ಮಾಡೋದು ಖಂಡಿತ ಬೇಡ. ಒಳಗೆ ಇನ್ನೂ ಒತ್ತಡ ಇದೆ, ಗ್ಯಾಸ್ ಇದೆ. ಚಳಿಗಾಲದಲ್ಲಿ ಡಬ್ಬಿ ತಣ್ಣಗಿದ್ರೆ ಕೈಗೆ ಹಿತವಾಗೋ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಅಷ್ಟು ಸಾಕು.

ಮುಚ್ಚಬಾರದ ತೂತುಗಳು

ಮನೆಯಲ್ಲಿ ಕಾಣೋ ತೂತೆಲ್ಲ ತಪ್ಪಿನಿಂದ ಆದದ್ದಲ್ಲ. ಕೆಲವನ್ನ ಬೇಕಂತಲೇ ಬಿಟ್ಟಿರ್ತಾರೆ.

ಪರ್ತ್‌ನಲ್ಲಿ ಎರಡು ಪದರ ಇಟ್ಟಿಗೆ ಗೋಡೆಯ ಮನೆಗಳು ಹೆಚ್ಚು, ನಡುವೆ ಖಾಲಿ ಜಾಗ. ಚಳಿಗಾಲದ ಮಳೆ ಹೊರಗಿನ ಇಟ್ಟಿಗೆಯೊಳಗೆ ಇಳಿದ್ರೂ ಆ ಖಾಲಿ ಜಾಗ ದಾಟಿ ಒಳಗೋಡೆಗೆ ಬರಲ್ಲ. ಅಲ್ಲಿ ಫೋಮ್ ತುಂಬಿದ್ರೆ ನೀರಿಗೆ ಒಂದು ಸೇತುವೆ ಕಟ್ಟಿಕೊಟ್ಟ ಹಾಗೆ. ಕಿಟಕಿಯ ಮೇಲೆ, ಗೋಡೆಯ ಬುಡದಲ್ಲಿ ಇಟ್ಟಿಗೆಗಳ ಮಧ್ಯೆ ಗಾರೆ ಇಲ್ಲದ ಸಣ್ಣ ಸಂದು ಕಂಡ್ರೆ ಅದು ನೀರು ಹೊರಹೋಗೋ ದಾರಿ, ವೀಪ್ ಹೋಲ್ ಅಂತಾರೆ. ಇಲಿ ಬರುತ್ತೆ ಅನ್ನೋ ಭಯ ಇದ್ರೆ ಸ್ಟೀಲ್ ಜಾಲರಿ ಹಾಕಿ, ಫೋಮ್ ಬೇಡ. ಫೋಮನ್ನ ಇಲಿ ಹೇಗೂ ಕಡಿಯುತ್ತೆ.

ಇನ್ನೂ ಮುಖ್ಯವಾದದ್ದು ಗೋಡೆಯ ವೆಂಟ್. ಪರ್ತ್‌ನ ಎಷ್ಟೋ ಮನೆಗಳಲ್ಲಿ ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್ ಬಳಸ್ತಾರೆ. ಅದರ ಹೊಗೆ ಕೋಣೆಯಲ್ಲೇ ಉಳಿಯುತ್ತೆ, ಹೊಸ ಗಾಳಿ ಬರೋದು ಆ ವೆಂಟ್‌ನಿಂದ. ಜುಲೈನ ಚಳಿಗೆ ವೆಂಟ್ ಮುಚ್ಚಿ ಹೀಟರ್ ಹಚ್ಚಿದ್ರೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳಬಹುದು. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರನ್ನ ಎಬ್ಬಿಸದೇ ಕೊಲ್ಲುತ್ತೆ.

ಬ್ರಿಸ್ಬೇನ್‌ನಲ್ಲಿ ಚಿಂತೆ ಗೆದ್ದಲಿನದು. ಗೆದ್ದಲು ಫೋಮ್ ಕೊರೆದುಕೊಂಡು ಹೋಗುತ್ತೆ. ತಪಾಸಣೆ ಮಾಡೋರಿಗೆ ಕಾಣಬೇಕಾದ ಕಾಂಕ್ರೀಟ್ ಸ್ಲ್ಯಾಬಿನ ಅಂಚು, ಕಂಬದ ಮೇಲಿನ ತಗಡಿನ ಟೋಪಿ, ಇವನ್ನ ಫೋಮ್‌ನಿಂದ ಮುಚ್ಚಿದ್ರೆ ಗೆದ್ದಲಿಗೆ ಗುಟ್ಟಿನ ದಾರಿ ಮಾಡಿಕೊಟ್ಟ ಹಾಗೆ.

ಅಡಿಲೇಡ್‌ನ ಹಲವು ಕಡೆ ಮಣ್ಣು ನಮ್ಮ ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣಿನ ಸ್ವಭಾವದ್ದು. ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ. ಅದರ ಮೇಲಿನ ಗೋಡೆಯೂ ಋತುವಿಗೆ ತಕ್ಕ ಹಾಗೆ ಬಿರುಕು ಬಿಡುತ್ತೆ. 5 ಮಿಲಿಮೀಟರ್‌ಗಿಂತ ಅಗಲದ ಬಿರುಕು ಕಂಡ್ರೆ ಅದು ಇಂಜಿನಿಯರ್ ನೋಡಬೇಕಾದ ವಿಷಯ. ಫೋಮ್ ಅದನ್ನ ಮರೆಮಾಡುತ್ತೆ ಅಷ್ಟೇ, ಗೋಡೆಗೆ ಬಲ ಕೊಡಲ್ಲ.

ಮೂರೂ ಊರಿಗೆ ಸೇರಿದ ಮಾತು ಒಂದಿದೆ. ಗಟ್ಟಿಯಾದ ಫೋಮ್ ಕೂಡ ಸುಡುತ್ತೆ, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಇರುತ್ತೆ. ಹಾಗಾಗಿ ಡೌನ್‌ಲೈಟ್ ಸುತ್ತ, ಹೊಗೆಕೊಳವೆ ಸುತ್ತ, ಸ್ವಿಚ್ ಬೋರ್ಡ್ ಒಳಗೆ ಹಾಕಬೇಡಿ. ಶಾಖ ಹೊರಹೋಗೋಕೆ ಬಿಡದ ವಸ್ತುವನ್ನ ಬಿಸಿಯಾಗೋ ಸಾಧನಕ್ಕೆ ಹೊದಿಸಿದ್ರೆ ಏನಾಗುತ್ತೆ ಅಂತ ಆಸ್ಟ್ರೇಲಿಯಾ ಕಷ್ಟಪಟ್ಟೇ ಕಲಿತಿದೆ. 2009 ಮತ್ತು 2010ರ ಸರ್ಕಾರಿ ಮನೆ ಇನ್ಸುಲೇಷನ್ ಯೋಜನೆಯಲ್ಲಿ ಬಳಸಿದ್ದು ಬೇರೆ ವಸ್ತುಗಳು, ಆದ್ರೆ ಮನೆಗಳಿಗೆ ಬೆಂಕಿ ಬಿತ್ತು, ಕೆಲಸಕ್ಕೆ ಹೋದ ನಾಲ್ಕು ಯುವಕರು ಸತ್ತರು, ಅವರಲ್ಲಿ ಮೂವರು ಕ್ವೀನ್ಸ್‌ಲ್ಯಾಂಡ್‌ನಲ್ಲಿ. 2014ರಲ್ಲಿ ರಾಯಲ್ ಕಮಿಷನ್ ಇದರ ವಿಚಾರಣೆ ಮಾಡಿ ವರದಿ ಕೊಟ್ಟಿತು.

ಕೊನೆಯದಾಗಿ ಎರಡು ಸಣ್ಣ ಮಾತು. ಖಾಲಿ ಅನ್ನಿಸೋ ಡಬ್ಬಿಯಲ್ಲೂ ಗ್ಯಾಸ್ ಉಳಿದಿರುತ್ತೆ. ಅದನ್ನ ಸುಡಬೇಡಿ, ಚುಚ್ಚಬೇಡಿ. ಅರ್ಧ ಉಳಿದದ್ದನ್ನ ಕೆಂಪು ಮುಚ್ಚಳದ ಕಸದ ಡಬ್ಬಕ್ಕೆ ಎಸೆದ್ರೆ ಕಸದ ಲಾರಿ ಅದನ್ನ ಒತ್ತಿ ಜಜ್ಜುತ್ತೆ, ಆಗ ಕಷ್ಟ ಲಾರಿಯವರಿಗೆ. ನಿಮ್ಮ ಕೌನ್ಸಿಲ್‌ಗೆ ಫೋನ್ ಮಾಡಿ, ಮನೆಯ ಅಪಾಯಕಾರಿ ಕಸ ಎಲ್ಲಿ ತಗೊಳ್ತಾರೆ ಅಂತ ಕೇಳಿ. ಇನ್ನೊಂದು, ಊರಿಗೆ ಹೋಗುವಾಗ ಅಪ್ಪನ ಮನೆ ಕಿಟಕಿಗೆ ಆಗುತ್ತೆ ಅಂತ ಸೂಟ್‌ಕೇಸಿನಲ್ಲಿ ಇಡಬೇಡಿ. ಇಂಥ ಡಬ್ಬಿಗಳಿಗೆ ವಿಮಾನದ ಕೈಚೀಲದಲ್ಲೂ ಚೆಕ್-ಇನ್ ಸಾಮಾನಿನಲ್ಲೂ ಅವಕಾಶ ಇಲ್ಲ. ಬೆಂಗಳೂರಲ್ಲೂ ಹುಬ್ಬಳ್ಳಿಯಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲಿ ಪಿಯು ಫೋಮ್ ಅಂದ್ರೆ ಕೊಡ್ತಾರೆ.

ಈ ವಾರ ಒಂದು ಕೆಲಸ ಮಾಡಿ. ಶೆಡ್‌ಗೋ ಗ್ಯಾರೇಜಿಗೋ ಹೋಗಿ ಹಳೇ ಡಬ್ಬಿ ಯಾವುದಾದ್ರೂ ಇದೆಯಾ, ಮಲಗಿದೆಯಾ, ತುಕ್ಕು ಹಿಡಿದಿದೆಯಾ, ದಿನಾಂಕ ಮುಗಿದಿದೆಯಾ ನೋಡಿ. ಬೇಸಿಗೆ ಬರೋ ಮೊದಲೇ ನೋಡಿದ್ರೆ ಒಳ್ಳೇದು.